ಹಿಮದ ಸೀಟಿಗೆ ಬೀದರಿನ ಹೊಲಿಗೆ

ಡಿಸೆಂಬರಿನ ಬೀದರ್. ಬೆಳಗಿನ ಆರು ಗಂಟೆ, ಬಾಯಿ ತೆರೆದರೆ ಹೊಗೆ. ಹಳೇ ಊರಿನ ಓಣಿಯೊಂದರಲ್ಲಿ ಐವತ್ತೆರಡು ವರ್ಷದ ಹೆಂಗಸೊಬ್ಬರು ಐಸಿನ ರಾಶಿಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದಾರೆ. ಐಸ್ ಕಾರ್ಖಾನೆಯಿಂದ ಆಟೋದಲ್ಲಿ ತರಿಸಿದ ಎರಡು ಗಟ್ಟಿಗಳನ್ನು ಸುತ್ತಿಗೆಯಲ್ಲಿ ಪುಡಿ ಮಾಡಿ ತಗಡಿನ ಟಬ್ಬಿಗೆ ಸುರಿದಿದ್ದಾರೆ. ಅದರ ಮೇಲೆ ಬಕೆಟ್ಟಿನಂಥ ಒಂದು ಸೀಟು, ಸೀಟಿನೊಳಗೆ ಹಳೆಯ ಪತ್ರಿಕೆಯ ಒಂದು ಹಾಳೆ, ಹಾಳೆಯ ಮೇಲೆ ಫಕ್ರುನ್ನಿಸಾ. ಮೊದಲ ಸಲ ಇದನ್ನು ಕಂಡ ಎದುರುಮನೆಯ ಮುದುಕರು ಮೂಲವ್ಯಾಧಿಗೆ ಒಳ್ಳೆಯ ಹಕೀಮರೊಬ್ಬರ ವಿಳಾಸ ಬರೆದುಕೊಟ್ಟರಂತೆ.

"ಎರಡು ತಾಸು ಕೂಡಬೇಕ್ರಿ. ಪೇಪರ್ ಹಸಿ ಆದ್ರ ಸೀಟ್ ಫೇಲ್. ಆ ಪೋರಿಗಿ ಸೊಂಟದ ಕೆಳಗ ಏನೂ ಗೊತ್ತಾಗಲ್ಲ. ಥಂಡಿ ಹತ್ತಿದ್ರೂ ಗೊತ್ತಾಗಲ್ಲ, ಸುಟ್ರೂ ಗೊತ್ತಾಗಲ್ಲ. ನನಗ ಗೊತ್ತಾಗ್ತದಲ್ರಿ, ಅದಕ್ಕ ನಾ ಕೂಡ್ತೇನಿ" ಎನ್ನುತ್ತಾರೆ. ಹಲ್ಲು ಕಟಕಟ ಅನ್ನುತ್ತಿದ್ದರೂ ಮಾತಿಗೆ ಬಿಡುವಿಲ್ಲ.

ಆ ಪೋರಿ ಎಂದರೆ ಭಾಲ್ಕಿಯ ಸಾನಿಕಾ. ವಯಸ್ಸು ಇಪ್ಪತ್ತಾರು. ಆರು ವರ್ಷದ ಹಿಂದೆ ಸ್ಕೂಟರಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಮೇಲೆ ಗಾಲಿಕುರ್ಚಿಯಲ್ಲಿ ಓಡಾಡುವ ಈಕೆ ಅಂಚೆ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ಮೂರು ವರ್ಷದ ಹಿಂದೆ ಗೆಳೆಯರ ಗುಂಪಿನ ಜೊತೆ ಕಾಶ್ಮೀರಕ್ಕೆ ಹೋದವಳು ಅಲ್ಲಿ ಕುಳಿತೇ ಆಡುವ ಸ್ಕೀ ಕಂಡಳು. ಕೆಳಗೆ ಉದ್ದನೆಯ ಹಲಗೆ, ಮೇಲೆ ಕಬ್ಬಿಣದ ಚೌಕಟ್ಟು, ಅದರ ಮೇಲೆ ಸೀಟು. ಸ್ವಾಧೀನವಿಲ್ಲದ ಕಾಲುಗಳನ್ನು ಪಟ್ಟಿಯಿಂದ ಬಿಗಿದು, ಎರಡೂ ಕೈಯಲ್ಲಿ ಕೋಲು ಹಿಡಿದು ಗುಡ್ಡದ ತುದಿಯಿಂದ ಬುಡಕ್ಕೆ ಜಾರುವುದು. ಹುಡುಗಿಗೆ ಹುಚ್ಚು ಹಿಡಿಯಲು ಒಂದೇ ಜಾರು ಸಾಕಾಯಿತು. ಆದರೆ ಸೀಟು ವಿದೇಶಿ ದೇಹದ ಅಳತೆಯದು. ನಮ್ಮ ಭಾಲ್ಕಿಯ ಸಣಕಲು ಹುಡುಗಿ ಅದರೊಳಗೆ ಅತ್ತಿಂದಿತ್ತ ಹೊರಳುತ್ತಿದ್ದಳು. ಊರಿಗೆ ಬಂದವಳೇ, ತನ್ನ ಗಾಲಿಕುರ್ಚಿಯ ಗಾದಿ ಹೊಲಿದುಕೊಟ್ಟಿದ್ದ ಫಕ್ರುನ್ನಿಸಾರ ಅಂಗಡಿಗೆ ಬಂದು, "ಖಾಲಾ, ನನ್ನ ಅಳತಿದು ಒಂದು ಹೊಲಿದು ಕೊಡ್ರಿ" ಎಂದಳು.

ಫಕ್ರುನ್ನಿಸಾ ಹುಟ್ಟಿದ್ದು ಔರಾದ ತಾಲೂಕಿನ ಎಕಂಬಾದಲ್ಲಿ. ಮದುವೆಯಾಗಿ ಬೀದರಿಗೆ ಬಂದಾಗ ಗಂಡ ಅಮೀರ ಪಾಶಾ ಆಟೋ, ಟ್ರ್ಯಾಕ್ಟರುಗಳಿಗೆ ಸೀಟು ಹೊಲಿಯುತ್ತಿದ್ದರು. ಅವರು ತೀರಿಕೊಂಡು ಹದಿನಾಲ್ಕು ವರ್ಷ. ಹೆಣ್ಣುಮಗಳು ಅಂಗಡಿಯಲ್ಲಿ ಕೂತು ಡ್ರೈವರುಗಳ ಜೊತೆ ವ್ಯವಹರಿಸುವುದೇ ಎಂದು ಮೂಗು ಮುರಿದವರ ಆಟೋಗಳಿಗೂ ಈಗ ಇವರದೇ ಹೊಲಿಗೆ. ದಿನಕ್ಕೆ ಎರಡು ಆಟೋ ಸೀಟು, ಒಂದು ಟ್ರ್ಯಾಕ್ಟರ್ ಸೀಟು, ನಾಲ್ಕೈದು ಬೈಕ್ ಸೀಟಿನ ಕವರು. ಮನ್ನಳ್ಳಿ, ಜನವಾಡದಿಂದ ಬೈಕಿನಲ್ಲಿ ಬಂದವರು ಸೀಟು ಕಿತ್ತುಕೊಟ್ಟು, ಕೂಡಲು ಜಾಗವಿಲ್ಲದೆ ನಿಂತೇ ಕಾಯುತ್ತಾರೆ.

ಅಳತೆ ತೆಗೆಯುವ ರೀತಿ ಮಾತ್ರ ಇವರದೇ. ಟೇಪು ಮುಟ್ಟುವುದಿಲ್ಲ. ಅಗಲ ಬಾಯಿಯ ಚೀಲದ ತುಂಬ ಜೋಳ ಸುರಿದು, ಮೇಲೆ ಪಂಜೆ ಹಾಸಿ, ಅದರಲ್ಲಿ ಆಳನ್ನು ಕೂಡಿಸುತ್ತಾರೆ. ಎತ್ತಿದ ಮೇಲೆ ಉಳಿದ ಗುಳಿಯೊಳಗೆ ಪ್ಲಾಸ್ಟರ್ ಸುರಿದರೆ ಸೊಂಟದ ಅಚ್ಚು ಸಿದ್ಧ. "ನಮ್ಮ ಎಕಂಬಾದಾಗ ಕೂಸು ಕೂಡ್ಲಾಕ ಕಲಿಯೂ ಮುಂದ ಜೋಳದ ರಾಶ್ಯಾಗ ತಗ್ಗು ಮಾಡಿ ಕೂಡಸ್ತಾರ್ರಿ. ಆ ಕಡಿ, ಈ ಕಡಿ ಬೀಳಲ್ಲ. ಜೋಳಕ್ಕ ಎಲ್ಲಾರ ಅಳತಿ ಗೊತ್ತದ" ಎಂದು ನಗುತ್ತಾರೆ.

ಮೊದಲ ಸೀಟು ಸಾನಿಕಾಗೆ ಹೊಂದಿ ಕೂತಿತು. ಕೆಟ್ಟದ್ದು ಬೇರೆ ಕಡೆ. ಏಪ್ರಿಲ್, ಮೇ ತಿಂಗಳ ಬೀದರಿನಲ್ಲಿ ಗಾಳಿಯಾಡದ ಸೀಟು ಹೊಲಿದರೆ ಡ್ರೈವರುಗಳು ಹಿಡಿಶಾಪ ಹಾಕುತ್ತಾರೆ. ಹಾಗಾಗಿ ಈ ಅಂಗಡಿಯ ಪ್ರತಿ ಸೀಟಿನ ತಳಕ್ಕೂ ಹಿತ್ತಾಳೆ ಉಂಗುರ ಕೂಡಿಸಿದ ಹನ್ನೆರಡು ತೂತು. ಅಮೀರ ಪಾಶಾ ಕಲಿಸಿದ ಪಾಠ ಅದು. ಕೈ ರೂಢಿಯಂತೆ ಹಿಮದ ಸೀಟಿಗೂ ಹನ್ನೆರಡು ತೂತು ಬಿದ್ದವು.

ಕಳೆದ ಫೆಬ್ರವರಿಯಲ್ಲಿ, ರಾತ್ರಿಯಿಡೀ ಹಿಮ ಬಿದ್ದ ಮರುದಿನ ಸಾನಿಕಾ ಆ ಸೀಟಿನಲ್ಲಿ ಗುಡ್ಡ ಇಳಿದಳು. ತುಳಿಯದ, ಗಟ್ಟಿಯಾಗದ, ಜೋಳದ ಹಿಟ್ಟಿನಷ್ಟು ಹಗುರಾದ ಹೊಸ ಹಿಮ. ಸ್ಕೀ ಆಡುವವರು ಅದನ್ನು ಪೌಡರ್ ಎನ್ನುತ್ತಾರೆ, ಅಂಥ ದಿನಕ್ಕಾಗಿ ವರ್ಷವಿಡೀ ಕಾಯುತ್ತಾರೆ. ಆ ಹಿಟ್ಟು ತೂತಿನಿಂದ ಒಳಗೆ ಬಂತು, ಮೈ ಬಿಸಿಗೆ ಕರಗಿತು, ಮತ್ತೆ ಹೆಪ್ಪುಗಟ್ಟಿತು. ಮೂರು ತಾಸು ನಕ್ಕು ಕುಣಿದ ಹುಡುಗಿಗೆ ಏನೂ ತಿಳಿಯಲಿಲ್ಲ. ಸಂಜೆ ಬಟ್ಟೆ ಬಿಚ್ಚಿದಾಗ ಅಂಗೈ ಅಗಲದ ಚರ್ಮ ಸತ್ತು ಬಿಳುಚಿಕೊಂಡಿತ್ತು. ನಾಲ್ಕು ತಿಂಗಳು ಬೋರಲು ಮಲಗಿದಳು.

"ಗಾಳಿ ಬರ್ಲಿ ಅಂತ ತೂತ ಇಟ್ಟಿದ್ದೆರಿ. ಬರಫ ಬರ್ತದಂತ ಖಯಾಲೇ ಬರಲಿಲ್ಲ. ಜಿಂದಗಿನಾಗ ನೋಡಿಲ್ಲ, ಖರೆ. ಆದರ ನೋಡಿಲ್ಲ ಅಂದ್ರ ಕೇಳಬೇಕಾಗಿತ್ತಲ್ರಿ? ಗಲತಿ ನಂದೇ." ಇದನ್ನು ಹೇಳುವಾಗ ಅವರು, ಬರೆದುಕೊಳ್ಳಲು ಬಂದ ನನ್ನ ಮುಖ ನೋಡುವುದಿಲ್ಲ.

ಸಾನಿಕಾಳ ತಾಯಿ ಸರಸ್ವತಿಬಾಯಿ ಸೀಟು ತಂದು ಅಂಗಡಿಯ ಮುಂದೆ ಎಸೆದು ಹೋದರು. ಫಕ್ರುನ್ನಿಸಾ ಪ್ರತಿ ಶುಕ್ರವಾರ ಅಂಗಡಿ ಮುಚ್ಚಿ ಭಾಲ್ಕಿಗೆ ಬಸ್ಸು ಹತ್ತಿದರು, ಹುಡುಗಿಯ ಹಾಸಿಗೆ ಬದಲಿಸಿ, ತಲೆ ಬಾಚಿ ಬಂದರು. ತಾಯಿ ಅವರ ಜೊತೆ ಮಾತಾಡುತ್ತಿರಲಿಲ್ಲ. ಗಾಯ ಮಾಯ್ದ ಮೇಲೆ ಮಗಳು ಮತ್ತೆ ಹಿಮಕ್ಕೆ ಹೋಗುತ್ತೇನೆ, ಖಾಲಾ ಹೊಲಿದ ಸೀಟೇ ಬೇಕು ಎಂದು ಹಟ ಹಿಡಿದಾಗ, ಅಷ್ಟು ದಿನ ಕಟ್ಟಿಕೊಂಡಿದ್ದ ಸಿಟ್ಟೆಲ್ಲ ಒಂದೇ ಮಾತಾಗಿ ಹೊರಬಿತ್ತು: "ಮೊದಲ ನೀವು ಕೂಡ್ರಿ ಬರಫದ ಮ್ಯಾಲ! ನಿಮಗ ಥಂಡಿ ಹತ್ತಲಿಲ್ಲಂದ್ರ ಆಮ್ಯಾಲ ನನ್ನ ಮಗಳಿಗಿ ಕೊಡ್ರಿ!"

ನಾನಾಗಿದ್ದರೆ ಆ ಮಾತಿಗೆ ಬಾಗಿಲು ಹಾಕಿಕೊಂಡು ಅಳುತ್ತಿದ್ದೆ. ಫಕ್ರುನ್ನಿಸಾ ಅದನ್ನು ಆರ್ಡರಿನಂತೆ ತೆಗೆದುಕೊಂಡರು. "ಸರಿ ಮಾತೇ ಅಂದಾರಲ್ರಿ ಅವರು" ಎನ್ನುತ್ತಾರೆ.

ಹೊಸ ಸೀಟಿಗೆ ಒಂದೂ ತೂತಿಲ್ಲ. ಥಂಡಿಗೆ ರೆಕ್ಸಿನ್ ಬಿರಿಯುತ್ತದೆಂದು ಲಾರಿಗೆ ಹೊದಿಸುವ ತಾಡಪತ್ರಿ, ಅದರೊಳಗೆ ಫೋಮು, ಫೋಮಿನ ಮೇಲೆ ಕಂಬಳಿ. ಸೂಜಿ ಹೋದ ದಾರಿಯಲ್ಲೂ ನೀರು ಬರುತ್ತದೆ ಎಂದು ಎರಡನೇ ದಿನದ ಹಸಿ ಪತ್ರಿಕೆ ಹೇಳಿತು. ಹೊಲಿಗೆಯುದ್ದಕ್ಕೂ ಸೈಕಲ್ ಟ್ಯೂಬಿನ ಪಟ್ಟಿ ಅಂಟಿಸಿದರು. ಮೂಲೆಯಲ್ಲಿ ಪಟ್ಟಿ ಎದ್ದಿತು. ಬಿಚ್ಚಿದರು, ಹೊಲಿದರು. ನಾಲ್ಕು ಸಲ ಬಿಚ್ಚಿ ಹೊಲಿದ ಸೀಟಿನಲ್ಲಿ ಹತ್ತೊಂಬತ್ತು ಬೆಳಗು ಕುಳಿತಿದ್ದಾರೆ. ನಡುವೆ ಒಂದು ವಾರ ಸೊಂಟ ಹಿಡಿದು ಎದ್ದಿರಲಿಲ್ಲ. ಕೊನೆಯ ಐದು ದಿನ ಪತ್ರಿಕೆ ಒಣಗಿಯೇ ಇದೆ.

ಜನವರಿಯ ಒಂದು ಮಧ್ಯಾಹ್ನ ನಾನು ಮತ್ತೆ ಅಂಗಡಿಗೆ ಹೋಗುತ್ತೇನೆ. ಕಾಶ್ಮೀರದಲ್ಲಿ ರಾತ್ರಿ ಹಿಮ ಸುರಿದಿದೆ, ಸಾನಿಕಾ ಬೆಳಗ್ಗೆಯೇ ಗುಡ್ಡ ಹತ್ತಿದ್ದಾಳೆ ಎಂಬ ಸುದ್ದಿ ಬಂದಿದೆ. ಮನೆಯಲ್ಲಿ ಕೂಡಲಾರದೆ ಸರಸ್ವತಿಬಾಯಿ ಭಾಲ್ಕಿಯಿಂದ ಬಸ್ಸಿಗೆ ಬಂದಿದ್ದಾರೆ. ಅರ್ಧ ಹೊಲಿದ ಆಟೋ ಸೀಟಿನ ಈ ತುದಿಗೆ ಒಬ್ಬರು, ಆ ತುದಿಗೆ ಒಬ್ಬರು. ನಡುವೆ ಫೋನು.

ಮೂರಕ್ಕೆ ಫೋನು ಬಡಿದುಕೊಳ್ಳುತ್ತದೆ. ಸಾನಿಕಾಳ ಜೊತೆಗೆ ಹೋಗಿರುವ ಗೆಳತಿ ತಬಸ್ಸುಮ. ತಾಸಿಗೊಮ್ಮೆ ಒಳಗೆ ಕರೆದೊಯ್ದು ಮೈ ನೋಡುವುದು ಆಕೆಯ ಕೆಲಸ. "ಈಗ ನೋಡಿದೆ ಖಾಲಾ. ಒಣಾ ಅದ. ಕೆಂಪ ಸುದ್ದಾ ಆಗಿಲ್ಲ."

ಫಕ್ರುನ್ನಿಸಾ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ಸರಸ್ವತಿಬಾಯಿ ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಾರೆ. ಅಷ್ಟರಲ್ಲಿ ಸಾನಿಕಾ ಫೋನು ಕಸಿದುಕೊಂಡಾಗಿದೆ. ಹಿಮ ಎದೆಮಟ್ಟ ಹಾರಿದ್ದು, ಎರಡು ಸಲ ಮಗುಚಿ ಬಿದ್ದದ್ದು, ಬಾಯಿತುಂಬ ಹಿಮ ತಿಂದದ್ದು, ಕಲಿಸುವವರು ಶಭಾಷ್ ಎಂದದ್ದು. ಹತ್ತು ನಿಮಿಷ ಒಂದೇ ಉಸಿರು. ಊಟಕ್ಕೆ ಕರೆಯುತ್ತಿದ್ದಾರೆ ಎಂದು ಫೋನು ಇಟ್ಟುಬಿಡುತ್ತಾಳೆ.

ಸರಸ್ವತಿಬಾಯಿ ಕಣ್ಣೊರೆಸಿಕೊಂಡು ಫಕ್ರುನ್ನಿಸಾರ ಕಡೆ ತಿರುಗುತ್ತಾರೆ. "ಎಂಥಾ ಹುಡುಗಿ ನೋಡ್ರಿ ಆಪಾ. ಅಷ್ಟು ಮಾತಾಡಿದಳು, ಸೀಟ ಹ್ಯಾಂಗದ ಅಂತ ಒಂದು ಮಾತ ಅನ್ನಲಿಲ್ಲ."

"ಅನ್ನಬಾರದ್ರಿ ಸರಸ್ವತಿಬಾಯಿ" ಎನ್ನುತ್ತಾರೆ ಫಕ್ರುನ್ನಿಸಾ, ಸೂಜಿಗೆ ದಾರ ಪೋಣಿಸುತ್ತ. "ಸೀಟ ಮರತು ಆಡ್ಯಾಳ ಅಕಿ. ನಮ್ಮ ಕೆಲಸ ಛಲೋ ಆದ್ರ ಹಂಗೇರಿ, ಯಾರಿಗೂ ನೆನಪಾಗಲ್ಲ."