ಸಂತನ ಬೊಗಸೆಗೆ ನೀರು
ಸಂತನೊಬ್ಬನ ಬದುಕಿನ ಹಳೆಯ ಸಿನಿಮಾವನ್ನು ಹೊಸ ನಟರನ್ನು ಹಾಕಿ ಮತ್ತೆ ತೆಗೆಯುತ್ತಾರಂತೆ ಎಂಬ ಸುದ್ದಿಗೆ ಮೇಲೂರಿನವರೆಲ್ಲ ಹಳೆಯದೇ ಚೆನ್ನ ಎಂದು ಸಿಡುಕಿದರೆ, ಮುದ್ದಪ್ಪನವರು ಮಾತ್ರ ಹೋಟೆಲಿನಲ್ಲಿ, ಬಸ್‌ಸ್ಟಾಪಿನಲ್ಲಿ, ಸಾವಿನ ಮನೆಯಲ್ಲೂ, "ತೆಗೀಲಿ ಬಿಡ್ರಪ್ಪ, ಆ ಹಳೇ ಹೀರೋಗೆ ಆಕ್ಟಿಂಗೇ ಬರಲ್ಲ" ಎಂದು ವಾದಿಸುತ್ತಾರೆ. ಅಂಬಾಜಿದುರ್ಗದ ಬೆಟ್ಟದಲ್ಲಿ ಅಂದು ನಡೆದ ಶೂಟಿಂಗಿನಲ್ಲಿ, ಸಂತನಾಗಿದ್ದ ಆ ಹೀರೋನನ್ನೇ ಕಣ್ತುಂಬ ನೋಡುತ್ತ ಅವನ ಬೊಗಸೆಗೆ ನೀರೆರೆದ ಹಳ್ಳಿಯ ಹುಡುಗಿ ಬೇರಾರೂ ಅಲ್ಲ, ಮುದ್ದಪ್ಪನವರ ಹೆಂಡತಿ ರಾಮಲಕ್ಷ್ಮಮ್ಮ; ಆಗಿನ್ನೂ ಮದುವೆಯಾಗಿರಲಿಲ್ಲ. "ಅದು ಆಕ್ಟಿಂಗ್ ಕಣ್ರೀ" ಎಂದು ಆಕೆ ನಕ್ಕರೆ, "ನನ್ ಮುಂದೆ ಒಂದಿನಾನಾದ್ರೂ ಹಂಗೆ ಆಕ್ಟ್ ಮಾಡಿದ್ಯೇನೇ?" ಎಂದು ಮುಖ ತಿರುಗಿಸುತ್ತಾರೆ. ಟಿವಿಯಲ್ಲಿ ಆ ದೃಶ್ಯ ಬರುವ ಹೊತ್ತಿಗೆ ಆಕೆಯನ್ನು ಕಾಫಿಗೆಂದು ಒಳಗೆ ಕಳಿಸಿ, ಕುರ್ಚಿಯನ್ನು ಮೆಲ್ಲಗೆ ಪಕ್ಕಕ್ಕೆಳೆದು, ಪರದೆಯ ಹುಡುಗಿಯ ನೋಟ ತಮ್ಮ ಮೇಲೇ ಬೀಳುವ ಹಾಗೆ ಕೂತುಕೊಳ್ಳುತ್ತಾರೆ.