ಜೇಬಿಗೆ ಹೋದ ಕೈಗಳು

ಕ್ಲೆಮ್ ನಾಸ್ಕೆಯನ್ನು ವಾರುಂಡ ಊರಿನವರು ಕರೆಯುತ್ತಿದ್ದದ್ದು ಕಡೇ ಕ್ಲೆಮ್ ಅಂತ. ಆ ಹೆಸರಿಟ್ಟ ಪುಣ್ಯಾತ್ಮ ಲೆಸ್ಟರ್ ಹ್ಯಾಂಡ್. ಊರಿನ ಹೊಲಗಳಿಗೆ ಬಾಡಿಗೆಗೆ ಔಷಧಿ ಹೊಡೆಯುವವನು ಅವನೇ. ಎಲ್ಲರ ಹೊಲ ಮುಗಿಸಿ, ನಾಯಿಗೆ ಸ್ನಾನ ಮಾಡಿಸಿ, ಶನಿವಾರದ ಫುಟ್‌ಬಾಲ್ ನೋಡಿ, ಇನ್ನೇನೂ ಕೆಲಸ ಉಳಿದಿಲ್ಲ ಅಂತಾದ ಮೇಲೆ ಅವನ ಸ್ಪ್ರೇಯರು ಕ್ಲೆಮ್‌ನ ಗೇಟು ದಾಟುತ್ತಿತ್ತು. ಎರಡೆಲೆ ಇರುವಾಗ ಹೊಡೆದರೆ ಸಾಯುವ ಕಳೆ ಅಷ್ಟು ಹೊತ್ತಿಗೆ ಮೊಣಕಾಲುದ್ದ ಬೆಳೆದು, ಔಷಧಿಯನ್ನು ಕಷಾಯದ ಹಾಗೆ ಕುಡಿದು ಇನ್ನಷ್ಟು ಕೊಬ್ಬುತ್ತಿತ್ತು.

"ಸ್ವಲ್ಪ ಬೇಗ ಬರ್ಬಾರ್ದೇನೋ ಲೆಸ್ಟರ್?" ಅಂತ ಕ್ಲೆಮ್ ಕೇಳಿದರೆ, "ಬೇಗ ಬಂದ್ರೆ ನಿನ್ನ ಹೆಸರು ಬದಲಾಯಿಸ್ಬೇಕಾಗುತ್ತಲ್ಲೋ!" ಅನ್ನುತ್ತಿದ್ದ. ಕ್ಲೆಮ್ ನಗುತ್ತಿದ್ದ. ನಗದೆ ಏನು ಮಾಡಿಯಾನು?

ಕೆಟ್ಟವನಲ್ಲ ಕ್ಲೆಮ್. ಕುರುಚಲು ಕಾಡಿಗೆ ಬೆಂಕಿ ಬಿದ್ದರೆ ನೀರಿನ ಟ್ಯಾಂಕು ಹೇರಿಕೊಂಡು ಮೊದಲು ಓಡುವವನು ಅವನು. ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವವನೂ ಅವನೇ. ಆಟ ಮುಗಿದ ಮೇಲೆ ಕ್ಲಬ್ಬಿನಲ್ಲಿ ಬಿಯರಿನ ಮೇಜಿನ ಸುತ್ತ ಗಂಡಸರು ಸೇರಿದಾಗ ಮಾತ್ರ, "ಬಾರೋ, ಕೂತ್ಕೋ" ಅಂತ ಅವನನ್ನು ಯಾರೂ ಕರೆದದ್ದಿಲ್ಲ. ಐವತ್ತೆಂಟು ವರ್ಷ ಅದೇ ಊರಿನ ಧೂಳು ಕುಡಿದವನಿಗೆ ಬೇಕಾಗಿದ್ದದ್ದು ಆ ಮೇಜಿನಲ್ಲಿ ಒಂದು ಕುರ್ಚಿ, ಅಷ್ಟೇ. ತನ್ನದೇ ಸ್ಪ್ರೇಯರಿದ್ದರೆ ಆ ಕುರ್ಚಿಯೂ ಬರುತ್ತದೆ ಅಂತ ಅವನು ಹೇಗೋ ನಂಬಿಬಿಟ್ಟಿದ್ದ.

ರಾಲ್ಫ್ ಪಿಟ್ಸ್‌ನರ್ ಬೇಸಾಯ ಬಿಟ್ಟು ಸಮುದ್ರದ ದಂಡೆಗೆ ಹೋಗುತ್ತೇನೆಂದು ಹರಾಜು ಕರೆದ. ಅಂಥ ಹರಾಜಿಗೆ ಇಡೀ ಸೀಮೆಯೇ ಬರುತ್ತದೆ. ಹೊಲದಲ್ಲಿ ಸಾಲಾಗಿ ನಿಲ್ಲಿಸಿದ ಸಾಮಾನು, ತುಕ್ಕು ಹಿಡಿದ ತಂತಿ ಸುರುಳಿಯಿಂದ ಟ್ರಾಕ್ಟರಿನವರೆಗೆ. ಒಂದು ಕಡೆ ಊರಿನ ಹೆಂಗಸರ ಟೀ ಮೇಜು, ಇನ್ನೊಂದು ಕಡೆ ಸಾಸೇಜು ಸುಡುವ ಹೊಗೆ. ಸಾಲಿನ ಕೊನೆಯಲ್ಲಿ ರಾಲ್ಫನ ಸ್ಪ್ರೇಯರು ನಿಂತಿತ್ತು. ಆಳೆತ್ತರದ ನಾಲ್ಕು ಚಕ್ರ, ಎರಡು ಮಗ್ಗುಲಿಗೂ ಮಡಚಿಟ್ಟ ಉದ್ದುದ್ದ ತೋಳು, ಬೆನ್ನಿನ ಮೇಲೆ ದೊಡ್ಡ ಟ್ಯಾಂಕು. ಎಳೆಯಲು ಟ್ರಾಕ್ಟರು ಬೇಡ, ತಾನೇ ಓಡುತ್ತದೆ. ಆದರೆ ಮೀಟರಿನಲ್ಲಿ ಒಂಬತ್ತು ಸಾವಿರ ಗಂಟೆ ದಾಟಿತ್ತು. ಅದರ ಅರ್ಧಕ್ಕೇ ಅಂಥ ಯಂತ್ರಕ್ಕೆ ಮುಪ್ಪು ಹಿಡಿಯುತ್ತದೆ.

ಕ್ಲೆಮ್ ಮೂರ್ಖನಲ್ಲ. ಯಂತ್ರದ ಕೆಳಗೆ ನುಗ್ಗಿ ಚಕ್ರದ ಮೋಟಾರುಗಳನ್ನು ಮುಟ್ಟಿ ನೋಡಿದ, ಎಣ್ಣೆ ಮೂಸಿದ, ತೋಳು ಬಿಚ್ಚಿಸಿ ಮುರಿದು ಬೆಸೆದ ಗುರುತಿದೆಯಾ ಅಂತ ಹುಡುಕಿದ. ಮೈಯೆಲ್ಲ ಧೂಳಾಗಿ ಹೊರಬಂದು ರಾಲ್ಫನನ್ನೇ ಕೇಳಿದ.

"ರಾಲ್ಫ್, ಮುಚ್ಚುಮರೆ ಬೇಡ. ಏನಾದ್ರೂ ತೊಂದ್ರೆ ಇದ್ಯಾ ಇದ್ರಲ್ಲಿ?"

"ನಂಗಂತೂ ಯಾವತ್ತೂ ಕೈ ಕೊಟ್ಟಿಲ್ಲ ಮಾರಾಯ," ಅಂದ ರಾಲ್ಫ್, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.

ಸುಳ್ಳಲ್ಲ. ರಾಲ್ಫ್ ಬಿತ್ತುತ್ತಿದ್ದದ್ದು ಬರೀ ಗೋಧಿ. ಗೋಧಿಗೆ ಹೊಡೆಯುವ ಒಂದು ಕಳೆನಾಶಕವಿದೆ, ಗೋಧಿಯನ್ನು ಮುಟ್ಟುವುದಿಲ್ಲ, ಚನ್ನಂಗಿ ಬೇಳೆಯ ಗಿಡವನ್ನು ಬಿಡುವುದಿಲ್ಲ. ಅದು ಆ ಯಂತ್ರದ ಹಳೇ ಪೈಪುಗಳ ಒಳಮೈಗೆ ವರ್ಷಗಟ್ಟಲೆ ಕೂತು ಜಿಡ್ಡಾಗಿತ್ತು. ಎಷ್ಟು ತೊಳೆದರೂ ಹೋಗದ ಜಿಡ್ಡು. ಹಿಂದಿನ ವರ್ಷ ರಾಲ್ಫನ ಭಾವಮೈದ ಆ ಸ್ಪ್ರೇಯರನ್ನು ಎರವಲು ತಂದು ತನ್ನ ಚನ್ನಂಗಿಗೆ ಹೊಡೆದು ಬೆಳೆಯನ್ನೆಲ್ಲ ಸುಟ್ಟುಕೊಂಡಿದ್ದ. ಆ ಸುದ್ದಿ ಊರಿಗೆಲ್ಲ ಗೊತ್ತಿತ್ತು. ಆದರೆ ಅದು ಓಡಾಡಿದ್ದು ಬಿಯರಿನ ಮೇಜಿನ ಸುತ್ತ. ಕ್ಲೆಮ್ ಬಿತ್ತುತ್ತಿದ್ದದ್ದು ಚನ್ನಂಗಿ.

ಹರಾಜುಗಾರ ಸ್ಪ್ರೇಯರಿನ ಮುಂದೆ ಬಂದು ನಿಂತ. ಕ್ಲೆಮ್ ಕೈಯೆತ್ತಿ ಮೊದಲ ಬೆಲೆ ಕೂಗಿದ. ತೀರಾ ಕಡಿಮೆ, ಮಾತು ಶುರುವಾಗಲಿ ಅಂತ. ಹರಾಜುಗಾರ ಸುತ್ತ ನೋಡಿದ. ಯಾರೂ ಬಾಯಿ ಬಿಡಲಿಲ್ಲ. ಲೆಸ್ಟರ್ ಮೊದಲು ಕೈ ಜೇಬಿಗೆ ಹಾಕಿಕೊಂಡ. ಅವನ ಪಕ್ಕದವನು ಹಾಕಿಕೊಂಡ. ಒಬ್ಬರ ಹಿಂದೊಬ್ಬರಂತೆ ಎಲ್ಲರ ಕೈಯೂ ಜೇಬು ಸೇರಿತು.

ಆ ಸೀಮೆಯಲ್ಲಿ ಅದಕ್ಕೊಂದು ಅರ್ಥವಿದೆ. ಮನೆ ಸುಟ್ಟವನೋ ಗಂಡ ಸತ್ತವಳೋ ಹರಾಜಿನಲ್ಲಿ ಕೂಗಿದರೆ ಉಳಿದವರು ಎದುರು ಕೂಗುವುದಿಲ್ಲ. ಕೈ ಜೇಬಿಗೆ ಹಾಕಿಕೊಂಡು ಸುಮ್ಮನಿದ್ದುಬಿಡುತ್ತಾರೆ, ಬೇಕಾದ ಸಾಮಾನು ಅವರಿಗೇ ಅಗ್ಗಕ್ಕೆ ಸಿಗಲಿ ಅಂತ. ಅದಕ್ಕಿಂತ ದೊಡ್ಡ ಮರ್ಯಾದೆ ವಾರುಂಡದಲ್ಲಿಲ್ಲ. ಕ್ಲೆಮ್ ಆ ಜೇಬುಗಳನ್ನು ನೋಡಿದ. ಹರಾಜುಗಾರನ ಸುತ್ತಿಗೆ ಬಿದ್ದದ್ದೇ ತಡ, ಪಕ್ಕದಲ್ಲಿದ್ದ ಟ್ರಕ್ಕಿನ ಹಿಂಬದಿಗೆ ಹತ್ತಿ ನಿಂತು ಟೋಪಿ ತೆಗೆದ.

"ನಾನು ಮಾತಾಡೋನಲ್ಲ," ಅಂದ. "ಆದ್ರೆ ಇವತ್ತು ನೀವು ಮಾಡಿದ್ದನ್ನ ನಾನು ಸಾಯೋ ತನಕ ಮರೆಯಲ್ಲ. ನನ್ನನ್ನೂ ನಿಮ್ಮೋನು ಅಂತ ಎಣಿಸಿದ್ರಲ್ಲ, ಅಷ್ಟು ಸಾಕು ನಂಗೆ."

ಮುಂದಿದ್ದವರು ನೆಲ ನೋಡಿದರು. ಹಿಂದಿದ್ದವರ ಭುಜ ಅಲ್ಲಾಡುತ್ತಿತ್ತು. ಟೀ ಮೇಜಿನ ಹತ್ತಿರ ನಿಂತಿದ್ದ ಕ್ಲೆಮ್‌ನ ಹೆಂಡತಿ ವರ್ನಾಗೆ ಕಂಡದ್ದು ಆ ಭುಜಗಳು. ಮನೆಗೆ ಹೋಗುವಾಗ ಕಾರಿನಲ್ಲಿ ಅವಳು, "ಕ್ಲೆಮ್, ಅವರು ನಗ್ತಿದ್ರು ಕಣೋ," ಅಂದಳು. "ನಿನಗೆ ಯಾರ ಒಳ್ಳೇತನಾನೂ ಕಾಣಲ್ಲ ಬಿಡು," ಅಂದ ಅವನು. ಆ ರಾತ್ರಿ ಕ್ಲಬ್ಬಿನಲ್ಲಿ ಲೆಸ್ಟರ್ ಟೋಪಿ ತೆಗೆದು ಕುರ್ಚಿ ಹತ್ತಿ, "ನಾನು ಮಾತಾಡೋನಲ್ಲ" ಅಂತ ಶುರುಮಾಡಿದ. ಜನ ಬಿದ್ದೂ ಬಿದ್ದೂ ನಕ್ಕರು.

ಅದೇ ತಿಂಗಳು ಕ್ಲೆಮ್‌ನ ಪಕ್ಕದ ಹೊಲವನ್ನು ಅಡಿಲೇಡ್ ಪಟ್ಟಣದಿಂದ ಬಂದ ರೋಂಡಾ ಟಿಲ್ ಎಂಬ ಹೆಂಗಸು ಕೊಂಡುಕೊಂಡಳು. ಒಂಟಿ ಜೀವ, ಬೇಸಾಯಕ್ಕೆ ಹೊಸಬಳು. ಕ್ಲೆಮ್ ಬೇಲಿಯ ಮೇಲೆ ಮೊಣಕೈ ಊರಿ ಅವಳಿಗೆ ಜೇಬಿಗೆ ಹೋದ ಕೈಗಳ ಕಥೆ ಹೇಳಿದ. "ನಮ್ಮೂರ ಜನ ಅಂದ್ರೆ ಹಂಗೆ ನೋಡಿ. ಬಾಯಲ್ಲಿ ತಮಾಷೆ ಮಾಡ್ತಾರೆ, ಹೊತ್ತು ಬಂದಾಗ ಕೈ ಬಿಡಲ್ಲ." ರೋಂಡಾ ಅದನ್ನು ಮನಸ್ಸಿನಲ್ಲಿಟ್ಟುಕೊಂಡಳು.

ಮಳೆಯಾಯಿತು, ಚನ್ನಂಗಿ ಚೆನ್ನಾಗಿ ಎದ್ದಿತು. ಕ್ಲೆಮ್ ಟ್ಯಾಂಕನ್ನು ಮೂರು ಸಲ ತೊಳೆದು, ಊರಿನಲ್ಲಿ ಎಲ್ಲರಿಗಿಂತ ಮೊದಲು, ಕಳೆ ಎರಡೆಲೆ ಇರುವಾಗಲೇ ಔಷಧಿ ಹೊಡೆದ. ಕ್ಯಾಬಿನಿನಲ್ಲಿ ಕೂತು ಲೆಸ್ಟರನಿಗೆ ಫೋನು ಮಾಡಿ, "ಈ ಸಲ ನಂದೇ ಫಸ್ಟು ಕಣಯ್ಯಾ!" ಅಂದ. "ಹೌದಾ? ಭೇಷ್!" ಅಂದ ಲೆಸ್ಟರ್. ಫೋನಿನಾಚೆ ಯಾರೋ ಕಿಸಕ್ಕನೆ ನಕ್ಕದ್ದು ಕೇಳಿತು.

ಸ್ವಲ್ಪ ದಿನದಲ್ಲಿ ಚನ್ನಂಗಿ ಹಳದಿಗೆ ತಿರುಗಿತು. ಆಮೇಲೆ ಕೆಂಪಗಾಗಿ ನೆಲಕ್ಕೆ ಒರಗಿತು. ಸ್ಪ್ರೇಯರಿನ ತೋಳು ಹೋದಲ್ಲೆಲ್ಲ ಸತ್ತ ಪಟ್ಟೆ, ಅದು ತಲುಪದೆ ಉಳಿದ ಸಂದುಗಳಲ್ಲಿ ಮಾತ್ರ ಹಸಿರು ಗೆರೆ. ಆ ಹೊಲ ಹೆದ್ದಾರಿಯ ಪಕ್ಕದಲ್ಲೇ ಇತ್ತು. ಜನ ಕಾರು ನಿಧಾನ ಮಾಡಿ ನೋಡಿಕೊಂಡು ಹೋದರು, ಕೆಲವರು ಫೋಟೋ ತೆಗೆದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಕ್ಲೆಮ್‌ಗೆ ನಿಜ ತಿಳಿಸಿದವಳು ಕಳೆ ಔಷಧಿ ಮಾರುವ ಅಂಗಡಿಯ ಹುಡುಗಿ. "ಅಯ್ಯೋ, ನಿಮಗೆ ಗೊತ್ತಿರ್ಲಿಲ್ವಾ ಅಂಕಲ್? ಎಲ್ರಿಗೂ ಗೊತ್ತಿತ್ತಲ್ಲ!"

ಅವನು ಜಗಳಕ್ಕೆ ಹೋಗಲಿಲ್ಲ. ಮನೆಗೆ ಬಂದು ಶೆಡ್ಡಿನಲ್ಲಿ ಕೂತ. ಒಳಗೆ ಏನೋ ಹುಳಿಯಾಯಿತು. ಆ ವರ್ಷ ಮೈದಾನಕ್ಕೆ ಸುಣ್ಣದ ಗೆರೆ ಎಳೆಯಲೂ ಹೋಗಲಿಲ್ಲ. ನನ್ನ ಕೇಳಿದರೆ ಅವನು ಆವಾಗಲೇ ಬಾಯಿ ತುಂಬ ಬೈದು, ನಾಲ್ಕು ಜನರ ಮೂತಿಗೆ ಗುದ್ದಿ ಬಂದಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು.

ಮರುವರ್ಷ ಇನ್ನೊಬ್ಬ ರೈತನ ಹೊಲದಲ್ಲಿ ಹರಾಜು. ಬೇರೆಯವರೂ ತಮ್ಮ ಸಾಮಾನು ತಂದು ಆ ಸಾಲಿನಲ್ಲಿ ನಿಲ್ಲಿಸಬಹುದು, ಅದು ವಾಡಿಕೆ. ಕ್ಲೆಮ್ ಸ್ಪ್ರೇಯರನ್ನು ತೊಳೆದು, ಟೈರಿಗೆ ಕಪ್ಪು ಬಳಿದು ತಂದು ನಿಲ್ಲಿಸಿದ. ಜನ ನೋಡಿ ಮುಸಿಮುಸಿ ನಕ್ಕರು. ಇದನ್ನ ಯಾವ ಕುರುಡ ಕೊಳ್ತಾನೆ ಅಂತ ಅವರ ಅಂದಾಜು.

ರೋಂಡಾ ಬಂದಳು. ಚಳಿಗಾಲದ ಬಿರುಗಾಳಿ ಅವಳ ಶೆಡ್ಡನ್ನು ಕಿತ್ತು ಇದ್ದಬದ್ದ ಸಲಕರಣೆಯನ್ನೆಲ್ಲ ನುಗ್ಗುನುರಿ ಮಾಡಿತ್ತು. ಯಂತ್ರದ ಸುತ್ತ ಒಂದು ಸುತ್ತು ಹಾಕಿ ಕ್ಲೆಮ್‌ನ ಮುಂದೆ ನಿಂತಳು.

"ಇದು ನಿಮ್ಮದಲ್ವಾ ಕ್ಲೆಮ್? ಹಾಗಾದ್ರೆ ಧೈರ್ಯ ಬಂತು. ಹೋದ ವರ್ಷ ನಿಮ್ಮ ಬೆಳೆಗೆ ರೋಗ ಬಂತು ಅಂತ ಲೆಸ್ಟರ್ ಹೇಳಿದ್ರು, ಪಾಪ. ನಾನೂ ಈ ಸಲ ಚನ್ನಂಗಿ ಬಿತ್ತಬೇಕು ಅಂತಿದ್ದೀನಿ. ಹೇಗಿದೆ ಇದು, ತೊಂದ್ರೆ ಏನೂ ಇಲ್ಲ ತಾನೇ?"

ಸುತ್ತ ಇದ್ದವರೆಲ್ಲ ಕ್ಲೆಮ್‌ನ ಬಾಯಿಯನ್ನೇ ನೋಡುತ್ತಿದ್ದರು. ಇಡೀ ಜನ್ಮದಲ್ಲಿ ಊರು ಅವನ ಮಾತಿಗೆ ಹಾಗೆ ಕಾದದ್ದಿಲ್ಲ. ಲೆಸ್ಟರ್ ಹತ್ತಿರ ಸರಿದು ಅವನ ಹೆಗಲ ಮೇಲೆ ಕೈಯಿಟ್ಟ.

"ನಂಗಂತೂ ಇಷ್ಟು ದಿನ ಒಮ್ಮೆಯೂ ಕೆಟ್ಟು ನಿಂತಿಲ್ಲ ನೋಡಿ," ಅಂದ ಕ್ಲೆಮ್.

ಸವಾಲು ಶುರುವಾಯಿತು. ರೋಂಡಾ ಕೈಯೆತ್ತಿದಳು. ಲೆಸ್ಟರ್ ಕೈ ಜೇಬಿಗೆ ಹಾಕಿಕೊಂಡ, ಪಕ್ಕದವನು ಹಾಕಿಕೊಂಡ, ಸಾಲು ಪೂರ್ತಿ ಹಾಕಿಕೊಂಡಿತು. ರೋಂಡಾ ಒಬ್ಬೊಬ್ಬರನ್ನೇ ನೋಡಿದಳು. ಕ್ಲೆಮ್ ಬೇಲಿಯ ಮೇಲೆ ಮೊಣಕೈ ಊರಿ ಹೇಳಿದ ಕಥೆ ಅವಳಿಗೆ ನೆನಪಿತ್ತು. ಸುತ್ತಿಗೆ ಬೀಳುವ ಮೊದಲೇ ಅವಳ ಕಣ್ಣು ತುಂಬಿತು.

ಟೀ ಮೇಜಿನ ಹತ್ತಿರ ಬಂದು ವರ್ನಾಳ ಕೈ ಹಿಡಿದುಕೊಂಡಳು. "ಕ್ಲೆಮ್ ಹೇಳಿದಾಗ ನಾನು ಅರ್ಧ ನಂಬಿರ್ಲಿಲ್ಲ ವರ್ನಾ. ಎಂಥಾ ಜನ ನೀವು! ಸಿಟಿಯಲ್ಲಿ ಯಾರು ಹೀಗೆ ಮಾಡ್ತಾರೆ?"

ವರ್ನಾ ಗಂಡನ ಕಡೆ ನೋಡಿದಳು. ಅವನ ಎರಡು ಕೈಯೂ ಜೇಬಿನಲ್ಲಿದ್ದವು. ಅವಳು ಕಪ್ಪಿಗೆ ಟೀ ಬಗ್ಗಿಸಿದಳು.

"ಹಾಲು ಹಾಕ್ಲಾ?" ಅಂದಳು.

ಸಂಜೆ ಕ್ಲಬ್ಬಿನ ಬಾಗಿಲಿನಲ್ಲಿ ಕ್ಲೆಮ್ ಎಂದಿನಂತೆ ಒಂದು ಗಳಿಗೆ ನಿಂತ. ಒಳಗಿನಿಂದ ಲೆಸ್ಟರ್ ಕಾಲಿನಲ್ಲಿ ಒಂದು ಕುರ್ಚಿಯನ್ನು ಈಚೆ ತಳ್ಳಿದ.

"ಬಾರೋ ಕ್ಲೆಮ್, ಕೂತ್ಕೋ. ಏನು ಕುಡೀತೀಯಾ? ಇವತ್ತು ನಂದು."

ಕಡೇ ಅನ್ನುವುದು ಹೆಸರಿನಿಂದ ಉದುರಿಹೋಗಿತ್ತು. ಕ್ಲೆಮ್ ಕೂತ. ಬಿಯರು ತಣ್ಣಗಿತ್ತು, ರುಚಿಯಾಗಿಯೂ ಇತ್ತು. ಎರಡನೆಯದು ಮುಗಿಯುವ ಹೊತ್ತಿಗೆ ಅವನು ಕುರ್ಚಿಯ ಮೇಲೆ ಹತ್ತಿ, ರೋಂಡಾ ಕಣ್ಣೊರೆಸಿಕೊಂಡದ್ದು ಹೇಗೆ ಅಂತ ಅವರಿಗೆಲ್ಲ ಮಾಡಿ ತೋರಿಸಿದ.