ನನ್ನಣ್ಣ ಒಲೆ ಆರಿಸಿದ್ದು

ನನ್ನಣ್ಣ ಗತ್ತಾಸನಲ್ಲಿ ಹುಡುಕಿದರೂ ಒಂದು ಕೆಟ್ಟ ಗುಣ ಸಿಗುವುದಿಲ್ಲ ಎಂದು ಊರೆಲ್ಲ ಹೇಳುತ್ತದೆ. ಊರಿಗೇನು, ಅವನ ಜೊತೆ ಚಳಿಗಾಲ ಕಳೆಯಬೇಕಾದವರು ನಾವು. ಗುಡ್ಡದ ಮೇಲಿನ ನಮ್ಮ ಹಳ್ಳಿಯಿಂದ ಕೆಳಗಿನ ಝಹ್ಲೆ ಪೇಟೆಗೆ ಅವನು ವ್ಯಾನು ಓಡಿಸುತ್ತಾನೆ. ಕೈ ತೋರಿಸಿದವರನ್ನೆಲ್ಲ ಹತ್ತಿಸಿಕೊಳ್ಳುತ್ತಾನೆ, ಹೇಳಿದ ಕಡೆ ನಿಲ್ಲಿಸುತ್ತಾನೆ, ಯಾರಿಗೂ ಇಲ್ಲ ಅನ್ನುವುದಿಲ್ಲ. ಇಲ್ಲ ಅನ್ನಲು ಬಾರದ ಮನುಷ್ಯನ ಜೊತೆ ಸಂಸಾರ ಮಾಡುವುದೆಂದರೆ ಏನೆಂದು ನನ್ನ ಅತ್ತಿಗೆ ನಜ್ಲಾಳನ್ನು ಕೇಳಬೇಕು. ಪಕ್ಕದ ಮನೆಯಲ್ಲಿರುವ ನನ್ನನ್ನು, ಅವನ ತಂಗಿಯನ್ನು, ಕೇಳಿದರೂ ಸಾಕು.

ಕಳೆದ ವಸಂತದಲ್ಲಿ, ಚಳಿ ಮುಗಿಯಿತೆಂದು, ಕೋಣೆ ಬೆಚ್ಚಗಿಡುವ ಒಲೆಯನ್ನು ನಡುವಿನಿಂದ ಕಿತ್ತು ಅಂಗಳಕ್ಕೆ ತಂದು ಬೂದಿ ಕೊಡವುವಾಗ ಅದರ ತಳವೇ ಕಳಚಿ ಬಿತ್ತು. ಅಪ್ಪನ ಕಾಲದ ಕಬ್ಬಿಣ, ತುಕ್ಕು ತಿಂದು ಹಪ್ಪಳದ ಹಾಗಾಗಿತ್ತು. ಬೆಸುಗೆ ಹಾಕಿಸೋಣವೆಂದರೆ ಕಮ್ಮಾರ ನಕ್ಕುಬಿಟ್ಟ. "ಯಾವುದಕ್ಕೆ ಹಾಕ್ಲಿ, ತೂತಿಗಾ?" ಹೊಸದು ಬೇಕೆಂಬುದು ಅಂದೇ ತೀರ್ಮಾನವಾಯಿತು. ಆರಿಸುವುದೊಂದು ಬಾಕಿ.

ಅತ್ತಿಗೆಗೆ ಅವಸರವಿತ್ತು. ಮಗಳು ಮಿರ್ನಾ ಚೊಚ್ಚಲ ಬಸುರಿ, ಡಿಸೆಂಬರಿನಲ್ಲಿ ಹೆರಿಗೆ. ಹೆತ್ತ ಮೇಲೆ ನಲವತ್ತು ದಿನದ ಬಾಣಂತನ ತವರಿನಲ್ಲೇ ಎಂದು ಮಾತಾಗಿತ್ತು. ಆ ಹೊತ್ತಿಗೆ ನಮ್ಮಲ್ಲಿ ಹಿಮ ಬಾಗಿಲ ತನಕ ಬಂದಿರುತ್ತದೆ, ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಒಲೆಯಿಲ್ಲದ ಮನೆಗೆ ಹಸುಗೂಸನ್ನು ಯಾರು ತರುತ್ತಾರೆ? ಮಿರ್ನಾಳ ಅತ್ತೆ ಅಫೀಫಾ ಅದನ್ನೇ ಕಾಯುತ್ತಿದ್ದಳು. "ನಮ್ಮನೇಲೇ ಇರಲಿ ಬಿಡಿ, ನಿಮಗ್ಯಾಕೆ ತೊಂದರೆ" ಎಂದು ಸಿಕ್ಕಾಗಲೆಲ್ಲ ಅನ್ನುವಳು. ಆ ತೊಂದರೆ ಎಂಬ ಮಾತು ಕೇಳಿದರೇ ಅತ್ತಿಗೆ ಹಲ್ಲು ಕಡಿಯುತ್ತಿದ್ದಳು. ಬೇಸಗೆಯಿಡೀ ಮಗುವಿಗೆ ಕಂಬಳಿ ಹೆಣೆದಳು. ಮಗು ನೋಡಲು ಬಂದವರಿಗೆ ಕೊಡುವ ಅಕ್ಕಿಹಿಟ್ಟಿನ ಸಿಹಿಗೆಂದು ಚಕ್ಕೆ, ಸೋಂಪು ಕುಟ್ಟಿಟ್ಟಳು.

ಅಣ್ಣ ಏನು ಮಾಡಿದ? ವ್ಯಾನು ಹತ್ತಿದವರನ್ನೆಲ್ಲ ಕೇಳುತ್ತ ಹೋದ. ಮೇಷ್ಟ್ರು ಹೇಳಿದರು, ಎರಕದ ಕಬ್ಬಿಣವೇ ಬೇಕು, ಬೆಳಗಿನ ತನಕ ಬಿಸಿ ಹಿಡಿದಿಡುತ್ತದೆ. ಅಣ್ಣ ತಲೆಯಾಡಿಸಿದ. ಮರುದಿನ ಕಟುಕನ ಹೆಂಡತಿ ಹತ್ತಿದಳು. ಎರಕದ್ದು ನೀರು ಚೆಲ್ಲಿದರೆ ಬಿರಿಯುತ್ತದೆ, ತಗಡಿನದೇ ಲೇಸು, ಕಡ್ಡಿ ಗೀರಿದರೆ ಕೋಣೆ ಬಿಸಿ ಎಂದಳು. ಅದಕ್ಕೂ ತಲೆಯಾಡಿಸಿದ. ಗಾಜಿನ ಬಾಗಿಲಿನದು ತಗೊಳ್ಳಿ, ಅರ್ಧ ಕಟ್ಟಿಗೆ ಸಾಕು ಎಂದು ಔಷಧಿ ಅಂಗಡಿಯವನು. ಗೋಡೆಗೆ ಒರಗಿಸಿಡೋ ಆ ಪೆಟ್ಟಿಗೆ ಮೇಲೆ ಆಲೂಗಡ್ಡೆ ಎಲ್ಲಿ ಸುಡ್ತೀಯ, ಕಾಫಿ ಎಲ್ಲಿಡ್ತೀಯ ಎಂದು ಹಿಂದಿನ ಸೀಟಿನ ಅಜ್ಜಿ. ಆಲಿವ್ ಹಿಂಡಿಯ ಇಟ್ಟಿಗೆ ಉರಿಸುವುದಾದರೆ ಒಲೆಯ ಬಾಯಿ ಹೀಗಿರಬೇಕು, ಓಕ್ ಕೊರಡಾದರೆ ಹಾಗಿರಬೇಕು. ವ್ಯಾನಿನಲ್ಲಿ ಎಷ್ಟು ಸೀಟೋ ಅಷ್ಟು ಒಲೆ.

ಸಂಜೆ ಮನೆಗೆ ಬಂದರೆ ಅದೇ ರಾಗ.

"ಏನಾಯ್ತು?" ಎನ್ನುವಳು ಅತ್ತಿಗೆ.

"ನೋಡಿದೆ. ಒಂದು ಚೆನ್ನಾಗಿತ್ತು."

"ತರಬೇಕಿತ್ತು."

"ವ್ಯಾನಲ್ಲಿ ಇಲ್ಯಾಸ್ ಮಾಮ ಬೇಡ ಅಂದ್ರು."

"ಇಲ್ಯಾಸ್ ಮಾಮ ಹೆರ್ತಾರಾ?"

ಅಣ್ಣ ನಗುತ್ತಿದ್ದ. ಅವನ ನಗು ನೋಡಿದರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಸೇಬು ಕಿತ್ತಾಯಿತು, ದ್ರಾಕ್ಷಿ ಮುಗಿಯಿತು, ಎದುರಿನ ಶಿಖರದ ಮೇಲೆ ಬಿಳುಪು ಕಾಣಿಸಿಕೊಂಡಿತು, ಇವನು ಇನ್ನೂ ಮೀನಮೇಷ ಎಣಿಸುತ್ತಲೇ ಇದ್ದ.

ಕೊನೆಗೆ ಅತ್ತಿಗೆಯೇ ವ್ಯಾನು ಹತ್ತಿ ಝಹ್ಲೆಯ ಕಮ್ಮಾರನ ಮುಂದೆ ಹೋಗಿ ನಿಂತಳು. ತಳ ದಪ್ಪ ಇರಲಿ, ಮೇಲೆ ಚಪ್ಪಟೆ ಇರಲಿ, ಪಕ್ಕದಲ್ಲಿ ರೊಟ್ಟಿ ಸುಡುವ ಗೂಡು ಇರಲಿ ಎಂದು ಕೈಯಲ್ಲೇ ಅಳತೆ ತೋರಿಸಿದಳು. "ಏನಾದ್ರೂ ಅನುಮಾನ ಬಂದ್ರೆ ನನ್ನ ಕೇಳು, ಇವರನ್ನ ಕೇಳಬೇಡ" ಎಂದು ಗಂಡನ ಎದುರಿಗೇ ಹೇಳಿದಳು. ಅದಕ್ಕೂ ಅಣ್ಣ ತಲೆಯಾಡಿಸಿದ.

ಒಲೆ ಸಿದ್ಧವಾದ ದಿನ ಅತ್ತಿಗೆಯೂ ನಾನೂ ಕೋಣೆಗೆ ಸುಣ್ಣ ಹೊಡೆಯುತ್ತಿದ್ದೆವು. ಹೊಗೆ ಕೊಳವೆ ಹೊರಗೆ ಹೋಗಲು ಕಿಟಕಿಯ ಒಂದು ಗಾಜು ತೆಗೆದು ತೂತಿನ ತಗಡು ಕೂರಿಸಿಯಾಗಿತ್ತು. ತರುವ ಕೆಲಸವಷ್ಟೇ ಅಣ್ಣನದು. ತರುವುದರಲ್ಲಿ ಏನು ಕೆಡಿಸಿಯಾನು ಅಂದುಕೊಂಡೆವು.

ದಾರಿಯಲ್ಲಿ ಬೀಗರ ಊರು. ಅವರ ಬಾಗಿಲ ಮುಂದೆ ಕಾಫಿ ಕುಡಿಯದೆ ಹಾದುಹೋಗುವಂತಿಲ್ಲ. ಮುಂದಿನದನ್ನು ವ್ಯಾನಿನಲ್ಲಿದ್ದ ಕಟುಕನ ಹೆಂಡತಿ ಆಮೇಲೆ ನನಗೆ ಹೇಳಿದಳು. ಮಿರ್ನಾ ಡಾಕ್ಟರ ಹತ್ತಿರ ಹೋಗಿದ್ದಳು. ಅಫೀಫಾ ವ್ಯಾನಿನೊಳಗೆ ಇಣುಕಿ ಒಲೆಯ ಮೈ ಸವರಿದಳಂತೆ.

"ಎಂಥಾ ಒಲೆ, ಬೀಗರೇ. ಕಣ್ಣಿಗೆ ಹಬ್ಬ."

"ನಿಮ್ಮದೇ, ತಗೊಳ್ಳಿ" ಎಂದ ಅಣ್ಣ.

ಇದು ನಮ್ಮ ಕಡೆ ಎಲ್ಲರೂ ಅನ್ನುವ ಮಾತು. ಯಾರಾದರೂ ನಮ್ಮ ವಸ್ತುವನ್ನು ಹೊಗಳಿದರೆ ನಿಮ್ಮದೇ ಅನ್ನಬೇಕು, ಅವರು ನಿಮ್ಮಲ್ಲೇ ಇದ್ದು ಬಾಳಲಿ ಅನ್ನಬೇಕು, ಅಲ್ಲಿಗೆ ಮುಗಿಯಿತು. ಹೀಗೆ ಬರೀ ಮಾತಿನಲ್ಲಿ ಕೊಟ್ಟ ಕೋಟು ಇವತ್ತಿನ ತನಕ ಯಾರ ಮೈಯಿಂದಲೂ ಇಳಿದಿಲ್ಲ. ಅಫೀಫಾ ಕೂಡ ಅನ್ನಬೇಕಾದದ್ದನ್ನೇ ಅಂದಳು. ಅಂದು, ಒಂದು ನಿಟ್ಟುಸಿರು ಬಿಟ್ಟಳು. "ನಮ್ಮದು ಈ ವರ್ಷ ಬರೀ ಹೊಗೆ ಕಾರ್ತಿದೆ. ಇರಲಿ, ನಮ್ಮ ಹಣೆಬರಹ."

ಆ ನಿಟ್ಟುಸಿರನ್ನು ಕೇಳಿಯೂ ಕೇಳಿಸದಂತೆ ಕಾಫಿ ಕುಡಿದು ಹೊರಡಬೇಕಿತ್ತು. ನನ್ನಣ್ಣನಿಗೆ ಅದೆಲ್ಲಿ ಸಾಧ್ಯ. ತಗೊಳ್ಳಿ ಎಂದ, ಅವಳು ಬೇಡ ಎಂದಳು. ತಗೊಳ್ಳಲೇಬೇಕು ಎಂದ, ಅವಳು ಎದೆ ಮೇಲೆ ಕೈಯಿಟ್ಟು ಬೇಡ ಎಂದಳು. ಆಗ ಈ ಪುಣ್ಯಾತ್ಮ, "ನಮ್ಮ ಮಿರ್ನಾ ಜೀವದಾಣೆ, ನೀವು ತಗೊಳ್ಳಲೇಬೇಕು" ಅಂದುಬಿಟ್ಟ.

ಅಫೀಫಾ ಕೈ ಇಳಿಸಿದಳು. "ತುಂಬು ಬಸುರಿ ಮೇಲೆ ಆಣೆ ಇಟ್ರಲ್ಲ ಬೀಗರೇ. ಇನ್ನು ಬೇಡ ಅಂದ್ರೆ ನನಗೇ ಪಾಪ." ಗಂಡುಮಕ್ಕಳನ್ನು ಕೂಗಿ ಒಲೆ ಇಳಿಸಿಕೊಂಡಳು. "ಮಿರ್ನಾನೂ ಇಲ್ಲೇ ಬೆಚ್ಚಗೆ ಇರ್ತಾಳೆ ಬಿಡಿ" ಎಂದಳು.

ಅಣ್ಣ ಬರಿಗೈಯಲ್ಲಿ ಬಂದು ಬಾಗಿಲ ಬಳಿ ನಿಂತ.

"ಒಲೆ ಎಲ್ಲಿ?" ಎಂದಳು ಅತ್ತಿಗೆ.

"ಅವರ ಮನೇಲಿ ಹೊಗೆ ಬರ್ತಿತ್ತಂತೆ" ಎಂದು ಶುರುಮಾಡಿದ.

ಅವನು ಹೇಳಿ ಮುಗಿಸುವಷ್ಟರಲ್ಲಿ ನನ್ನ ನೆತ್ತಿ ಉರಿಯುತ್ತಿತ್ತು. ಬಾಯಿಗೆ ಬಂದಂತೆ ಬೈದೆ. ಹೋಗಿ ವಾಪಸು ತಾ ಎಂದೆ. ಕೊಟ್ಟದ್ದನ್ನು, ಅದೂ ಆಣೆ ಹಾಕಿ ಕೊಟ್ಟದ್ದನ್ನು ಯಾರು ವಾಪಸು ಕೇಳುತ್ತಾರೆ, ನನಗೂ ಗೊತ್ತಿತ್ತು. ಕಮ್ಮಾರನಿಗೆ ಹೊಸ ವರ್ಷದ ತನಕ ಪುರುಸೊತ್ತಿರಲಿಲ್ಲ. ಎಲ್ಲಿಂದಲೋ ಒಂದು ತಗಡಿನ ಒಲೆ ತಂದರೂ ಬಾಣಂತನ ತನ್ನ ಮನೆಯಲ್ಲೇ ಎಂದು ಅಫೀಫಾ ಇಷ್ಟು ಹೊತ್ತಿಗೆ ಊರಿಗೆಲ್ಲ ಸಾರಿರುತ್ತಾಳೆ. ಅತ್ತಿಗೆ ಕುಂಚ ಎತ್ತಿಕೊಂಡಳು. ಉಳಿದ ಗೋಡೆಗೆ ಸುಣ್ಣ ಹೊಡೆದು ಮುಗಿಸಿದಳು.

ಸಂಜೆ ಮಿರ್ನಾಳ ಫೋನು ಬಂತು. ಕೈಯೆಲ್ಲ ಸುಣ್ಣವಾಗಿದ್ದರಿಂದ ಅತ್ತಿಗೆ ಸ್ಪೀಕರ್ ಹಾಕಿದಳು.

"ಅಮ್ಮ, ಅಪ್ಪನೇ ಒಲೆ ಇಲ್ಲಿಗೆ ತಂದು, ತಗೊಳ್ಳಲೇಬೇಕು ಅಂತ ನನ್ನ ಮೇಲೆ ಆಣೆ ಹಾಕಿ ಹೋದ್ರಂತೆ. ಬಾಣಂತನ ಆಗಲ್ಲ ಅಂದ್ರೆ ನೀನೇ ನನಗೆ ಹೇಳಬಹುದಿತ್ತಲ್ಲಮ್ಮ. ಅತ್ತೆ ಬಾಯಿಂದ ಯಾಕೆ ಕೇಳಬೇಕಿತ್ತು?"

ನಾನು ಫೋನಿಗೆ ಕೈ ಚಾಚಿದೆ. ಅತ್ತಿಗೆ ನನ್ನ ಕೈ ತಳ್ಳಿದಳು.

"ಅಪ್ಪಂದೇನಿಲ್ಲ ಮಗಳೇ. ನಾನೇ ಹೇಳಿ ಕಳಿಸಿದ್ದು. ಸೊಂಟ ಹಿಡಿದುಬಿಟ್ಟಿದೆ, ಮಗು ಎತ್ತಿ ಇಳಿಸೋಕಾಗಲ್ಲ. ನಿಮ್ಮತ್ತೆ ಗಟ್ಟಿ ಇದ್ದಾರೆ."

"ಹೋದ ವಾರ ಚೆನ್ನಾಗೇ ಇದ್ದೆ."

"ಹೋದ ವಾರ ಚೆನ್ನಾಗಿದ್ದೆ."

"ಆಯ್ತಮ್ಮ" ಎಂದು ಮಿರ್ನಾ ಫೋನಿಟ್ಟಳು. ಸೊಂಟ ಹೇಗಿದೆ ಎಂದು ಕೇಳಲೂ ಇಲ್ಲ.

"ಯಾಕೆ ಹಂಗಂದೆ?" ಎಂದೆ.

"ನಲವತ್ತು ದಿನ ಅವಳು ಆ ಮನೇಲಿ ತಲೆ ಎತ್ತಿಕೊಂಡಿರಬೇಕು, ವರ್ದೆ. ಉಪಚಾರದ ಮಾತಿಗೆ ಮಗಳನ್ನೇ ಬಿಟ್ಟುಕೊಟ್ಟ ಅಪ್ಪ ಅಂತ ಗೊತ್ತಾಗೋದು ಬೇಡ. ಕೈಲಾಗದ ಅಮ್ಮ ಅಂದ್ಕೊಳ್ಳಲಿ."

ಅಣ್ಣ ಕೋಟು ಬಿಚ್ಚದೆ ಮೂಲೆಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನ ಕಣ್ಣು ತುಂಬಿತ್ತು. "ನಜ್ಲಾ, ನಾಳೆ ನಾನೇ ಹೋಗಿ ಅವಳಿಗೆ ನಿಜ ಹೇಳಿಬಿಡ್ತೀನಿ. ಏನಂತೀಯ?" ಎಂದ.

"ಬೇಡ" ಎಂದಳು ಅತ್ತಿಗೆ.

ಅಣ್ಣ ತಲೆಯಾಡಿಸಿದ.